ಇಟಲಿಯ ಪೊಜ್ಜೊ ಮಾಸ್ತರರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಈಗಿನ ಮುಖ್ಯೋಪಾಧ್ಯಾಯರು ಮನೆಯವರೆಗೆ ಬಂದು ಹೇಳಿ ಹೋದರು. ಈ ಶಾಲೆಯಲ್ಲಿ ಬಹಳ ವರ್ಷ ದೈಹಿಕ ಶಿಕ್ಷಕನಾಗಿದ್ದವನು ಶಾಲೆಯ ನೆನಪುಗಳನ್ನೇ ಬರೆದುಕೊಡುತ್ತಾನೆಂದು ಅವರು ತಿಳಿದಿರಬೇಕು. ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಹೊರಟಿರುವುದು ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಎಂದೂ ಬಾರದ, 1968ರಲ್ಲೇ ತೀರಿಕೊಂಡ ಇಟಲಿಯ ಒಬ್ಬ ಫುಟ್‌ಬಾಲ್ ಗುರುವಿನ ಬಗ್ಗೆ. ಅವರ ಹೆಸರು ವಿಟ್ಟೊರಿಯೊ ಪೊಜ್ಜೊ. ನನ್ನ ಮಟ್ಟಿಗೆ ಪೊಜ್ಜೊ ಮಾಸ್ತರರು.

ಅವರ ಪರಿಚಯವಾದದ್ದು 1990ರ ವಿಶ್ವಕಪ್ಪಿನಿಂದ. ಆಗ ಊರಿನಲ್ಲಿ ಟಿವಿ ಇದ್ದ ಮನೆಗಳು ಕೆಲವೇ. ಜುಲೈ 3ರ ರಾತ್ರಿ ಹನ್ನೊಂದೂವರೆಗೆ ಇಟಲಿ-ಅರ್ಜೆಂಟೀನಾ ಸೆಮಿಫೈನಲ್. ಆಟ ನಡೆದದ್ದು ಇಟಲಿಯ ನೇಪಲ್ಸ್ ನಗರದಲ್ಲಿ. ಅರ್ಜೆಂಟೀನಾದ ನಾಯಕ ಮರಡೋನ ಅದೇ ಊರಿನ ಕ್ಲಬ್ಬಿಗೆ ಆಡುತ್ತಿದ್ದವರು. ಆ ಕ್ಲಬ್ಬಿಗೆ 1987ರಲ್ಲಿ ಒಮ್ಮೆ, 1990ರಲ್ಲಿ ಇನ್ನೊಮ್ಮೆ ಇಟಲಿಯ ಚಾಂಪಿಯನ್ ಪಟ್ಟ ತಂದುಕೊಟ್ಟವರು. ಊರವರು ದೇವರಂತೆ ಕಂಡ ಆ ಹೊರಗಿನವರೇ ಪೆನಾಲ್ಟಿಯಲ್ಲಿ ಇಟಲಿಯನ್ನು ಮನೆಗೆ ಕಳಿಸಿದರು. ಮರುದಿನ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. ದುಡ್ಡು ಕೊಟ್ಟು ಹೊರಗಿನವರನ್ನು ಕರೆಸಿಕೊಂಡರೆ ಕೊನೆಗೆ ಹೀಗೇ ಆಗುವುದೆಂದು ಒಬ್ಬರು, ಅವರಿಲ್ಲದಿದ್ದರೆ ಅಲ್ಲಿಯ ಆಟ ನೋಡಲು ಯಾರು ಬರುತ್ತಿದ್ದರೆಂದು ಇನ್ನೊಬ್ಬರು. ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಅದಕ್ಕೆ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ. ಆ ಚರ್ಚೆಯ ಜಾಡು ಹಿಡಿದು ಧಾರವಾಡಕ್ಕೆ ಹೋದಾಗಲೆಲ್ಲ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಸಿಕ್ಕಿದ್ದನ್ನು ಓದಿದೆ. ಆಮೇಲೆ ಕಂಪ್ಯೂಟರು, ಮೊಬೈಲು ಬಂದವು, ಓದು ಮುಂದುವರಿಯಿತು.

ಪೊಜ್ಜೊ ಹುಟ್ಟಿದ್ದು 1886ರ ಮಾರ್ಚ್ 2ರಂದು, ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ. ಅವರಿಗೂ ಫುಟ್‌ಬಾಲಿಗೂ ಆ ದೇಶದಲ್ಲಿ ಹೆಚ್ಚು ಕಡಿಮೆ ಒಂದೇ ವಯಸ್ಸು. ಆ ಆಟವನ್ನು ಇಟಲಿಗೆ ತಂದವರೇ ಹೊರಗಿನವರು. ಜಿನೋವಾ ಬಂದರಿನಲ್ಲಿ 1893ರಲ್ಲಿ ಮೊದಲ ದೊಡ್ಡ ಕ್ಲಬ್ ಕಟ್ಟಿದವರು ಅಲ್ಲಿದ್ದ ಇಂಗ್ಲಿಷರು. 1899ರಲ್ಲಿ ಮಿಲಾನ್ ಕ್ಲಬ್ ಕಟ್ಟಿದ ಹರ್ಬರ್ಟ್ ಕಿಲ್ಪಿನ್ ನಾಟಿಂಗ್‌ಹ್ಯಾಮಿನಿಂದ ಜವಳಿ ಕೆಲಸಕ್ಕೆ ಬಂದವರು. ನಮ್ಮ ಶಾಲೆಯ ಹುಡುಗರಿಗೆ ನಾನು ಯಾವಾಗಲೂ ಹೇಳುತ್ತಿದ್ದ ಮಾತೊಂದಿದೆ: ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಯುವೆಂಟಸ್ ಕ್ಲಬ್ಬನ್ನು 1897ರಲ್ಲಿ ಹುಟ್ಟುಹಾಕಿದವರು ಟ್ಯೂರಿನ್ನಿನ ಒಂದು ಹೈಸ್ಕೂಲಿನ ವಿದ್ಯಾರ್ಥಿಗಳು. ಮುಂದೆ 1906ರಲ್ಲಿ ಆಲ್ಫ್ರೆಡ್ ಡಿಕ್ ಎಂಬ ಸ್ವಿಟ್ಜರ್ಲೆಂಡಿನವರು ಅಲ್ಲಿಂದ ಮುನಿಸಿಕೊಂಡು ಹೊರಬಂದಾಗ ಟೊರಿನೊ ಎಂಬ ಇನ್ನೊಂದು ಕ್ಲಬ್ ಆಯಿತು. ಅದನ್ನು ಕಟ್ಟಿದವರ ಜೊತೆ ಇಪ್ಪತ್ತರ ಹರೆಯದ ಪೊಜ್ಜೊ ಕೂಡ ಇದ್ದರು.

ಆ ಹೊತ್ತಿಗೆ ಅವರು ಊರು ಬಿಟ್ಟು ತಿರುಗಲು ಶುರುಮಾಡಿದ್ದರು. ಭಾಷೆ, ವ್ಯಾಪಾರ ಕಲಿಯಲೆಂದು ಸ್ವಿಟ್ಜರ್ಲೆಂಡಿಗೆ ಹೋದರು. ಅಲ್ಲಿ ಗ್ರಾಸ್‌ಹಾಪರ್ಸ್ ಕ್ಲಬ್ಬಿನ ಎರಡನೆಯ ತಂಡದಲ್ಲಿ ಆಡಿದರು. ಅಂದರೆ ತಾವೇ ಒಮ್ಮೆ ಪರದೇಶಿ ಆಟಗಾರರಾಗಿದ್ದವರು. ಅಲ್ಲಿಂದ ಇಂಗ್ಲೆಂಡಿಗೆ. ಉಣ್ಣೆಯ ಗಿರಣಿಗಳ ಸೀಮೆಯಲ್ಲಿ ಉಣ್ಣೆಯ ಕೆಲಸ ಕಲಿಯಬೇಕೆಂಬುದು ಮನೆಯವರ ಲೆಕ್ಕ. ಅವರು ಕಲಿತದ್ದು ಫುಟ್‌ಬಾಲು. ಮ್ಯಾಂಚೆಸ್ಟರ್ ಯುನೈಟೆಡ್ ತಂಡದಲ್ಲಿ ಚಾರ್ಲಿ ರಾಬರ್ಟ್ಸ್ ಎಂಬ ಸೆಂಟರ್ ಹಾಫ್ ಇದ್ದರು. ಮೈದಾನದ ನಟ್ಟನಡುವೆ ನಿಂತು, ತಲೆಯೆತ್ತಿ ನೋಡಿ, ಎಡಕ್ಕೂ ಬಲಕ್ಕೂ ಉದ್ದುದ್ದ ಪಾಸು ಕೊಡುವ ಆಟ ಅವರದು. ಪೊಜ್ಜೊ ಪಂದ್ಯ ಮುಗಿದ ಮೇಲೆ ಮೈದಾನದ ಹೊರಗೆ ಕಾದು ನಿಂತು ಅವರನ್ನು ಮಾತಾಡಿಸುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಮನೆಯವರು ದುಡ್ಡು ಕಳಿಸುವುದನ್ನು ನಿಲ್ಲಿಸಿದರೂ ಜಗ್ಗಲಿಲ್ಲ. ಭಾಷೆಯ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡರು. ಕೊನೆಗೆ ಅಕ್ಕತಂಗಿಯರಲ್ಲೊಬ್ಬರ ಮದುವೆಯ ನೆಪದಲ್ಲಿ ಊರಿಗೆ ಕರೆಸಿಕೊಂಡರು, ಮರಳಿ ಹೋಗಲು ಬಿಡಲಿಲ್ಲ. ಇಂಥ ಉಪಾಯ ನಮ್ಮ ಹಿರಿಯರಿಗೆ ಮಾತ್ರ ಗೊತ್ತೆಂದು ನಾನು ತಿಳಿದಿದ್ದೆ.

ಊರಿಗೆ ಬಂದರೆ ಅಲ್ಲಿ ಜಗಳ ಕಾದಿತ್ತು. 1908ರಲ್ಲಿ ಇಟಲಿಯ ಫುಟ್‌ಬಾಲ್ ಒಕ್ಕೂಟ ವಿದೇಶಿ ಆಟಗಾರರನ್ನು ರಾಷ್ಟ್ರೀಯ ಪಂದ್ಯಾವಳಿಯಿಂದ ದೂರವಿಡಲು ಹೊರಟಿತು. ದೊಡ್ಡ ಕ್ಲಬ್ಬುಗಳು ಸಿಟ್ಟಿಗೆದ್ದವು. ಮಿಲಾನ್ ಕ್ಲಬ್ಬಿನೊಳಗೇ ಒಡಕು ಹುಟ್ಟಿ, ಹೊರಗಿನವರೂ ಇರಲಿ ಎಂದವರು ಬೇರೆಯಾಗಿ ಇನ್ನೊಂದು ಕ್ಲಬ್ ಕಟ್ಟಿದರು. ಅದಕ್ಕೆ ಇಂಟರ್‌ನ್ಯಾಷನಲ್ ಎಂಬ ಅರ್ಥದ ಹೆಸರನ್ನೇ ಇಟ್ಟರು; ಅದೇ ಇಂದಿನ ಇಂಟರ್ ಮಿಲಾನ್. ಆ ವರ್ಷದ ಪ್ರಶಸ್ತಿ ಹೋದದ್ದು ಮಾತ್ರ ಯಾರೂ ಎಣಿಸದ ಕಡೆಗೆ. ವೆರ್ಚೆಲ್ಲಿ ಎಂಬುದು ಭತ್ತದ ಗದ್ದೆಗಳ ನಡುವಿನ ಸಣ್ಣ ಪಟ್ಟಣ. ಅಲ್ಲಿಯ ಪ್ರೊ ವೆರ್ಚೆಲ್ಲಿ ತಂಡದಲ್ಲಿ ಎಲ್ಲರೂ ಸ್ಥಳೀಯ ಹುಡುಗರು. ಅವರು 1908ರಲ್ಲಿ ಗೆದ್ದರು. ವಿದೇಶಿಯರಿಲ್ಲದ್ದಕ್ಕೆ ಗೆದ್ದರೆಂದು ಆಡಿಕೊಂಡವರ ಬಾಯಿ ಮುಚ್ಚಿಸುವಂತೆ ಮತ್ತೆ ಮತ್ತೆ ಗೆದ್ದು, 1922ರ ಹೊತ್ತಿಗೆ 7 ಸಲ ಚಾಂಪಿಯನ್ನರಾದರು. ನಮ್ಮ ಕಡೆ ಮುತ್ತಲಿನ ಹಳ್ಳಿಯ ಖೋ ಖೋ ತಂಡವೊಂದು ಬೆಂಗಳೂರಿನವರನ್ನು ಸೋಲಿಸಿ ಬಂದರೆ ಹೇಗೋ ಹಾಗೆ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಇಟಲಿ ತಂಡವನ್ನು ಕರೆದೊಯ್ಯುವ ಕೆಲಸ ಪೊಜ್ಜೊ ಅವರಿಗೆ ಬಂತು. ಫಿನ್ಲೆಂಡ್ ಎದುರು 2-3ರಿಂದ ಸೋತು ಬಂದರು, ರಾಜೀನಾಮೆ ಕೊಟ್ಟರು. ಪಿರೆಲ್ಲಿ ಟೈರ್ ಕಂಪನಿಯಲ್ಲಿ ನೌಕರಿ ಹಿಡಿದರು. ಮೊದಲ ಮಹಾಯುದ್ಧದಲ್ಲಿ ಬೆಟ್ಟದ ಪಡೆಯಾದ ಆಲ್ಪಿನಿಯಲ್ಲಿ ಅಧಿಕಾರಿಯಾಗಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಮತ್ತೆ ಕರೆ ಬಂತು, ಸ್ವಿಟ್ಜರ್ಲೆಂಡಿನವರು ಸೋಲಿಸಿದರು. ಆಮೇಲೆ ಹೆಂಡತಿ ತೀರಿಕೊಂಡರು. ಪೊಜ್ಜೊ ಆಟವನ್ನು ಬಿಟ್ಟು ನೌಕರಿಯಲ್ಲಿ ಮುಳುಗಿದರು.

ಅವರು ದೂರವಿದ್ದಾಗಲೇ ಇಟಲಿಯಲ್ಲಿ ದೊಡ್ಡದೊಂದು ಕಾನೂನು ಬಂತು. ಆ ವರ್ಷಗಳಲ್ಲಿ ಹಂಗೇರಿ, ಆಸ್ಟ್ರಿಯಾದ ಆಟಗಾರರು ಅಲ್ಲಿಯ ಕ್ಲಬ್ಬುಗಳಲ್ಲಿ ತುಂಬಿಕೊಂಡಿದ್ದರು. ಆಡಳಿತ ಮುಸೊಲಿನಿಯ ಫ್ಯಾಸಿಸ್ಟರದು. 1926ರಲ್ಲಿ ವಿಯಾರೆಜ್ಜೊ ಎಂಬ ಊರಿನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ವಿದೇಶಿ ಆಟಗಾರರಿಗೆ ಬಾಗಿಲು ಮುಚ್ಚಿತು. ಮುಂಬಾಗಿಲು ಮುಚ್ಚಿದರೆ ಹಿತ್ತಲ ಬಾಗಿಲು ಇದ್ದೇ ಇರುತ್ತದಲ್ಲ. ಇಟಲಿಯಿಂದ ಹೊಟ್ಟೆಪಾಡಿಗಾಗಿ ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್‌ಗಳಿಗೆ ಹೋಗಿ ನೆಲೆಸಿದವರು ಲಕ್ಷಗಟ್ಟಲೆ. ಅವರ ಮಕ್ಕಳು, ಮೊಮ್ಮಕ್ಕಳು ಕಾನೂನಿನ ಲೆಕ್ಕದಲ್ಲಿ ಇಟಲಿಯವರೇ. ಅಂಥವರಿಗೆ ಅಲ್ಲಿ ಒರಿಯುಂದಿ ಎನ್ನುತ್ತಾರೆ, ಅಂದರೆ ಮೂಲದವರು. ಕ್ಲಬ್ಬುಗಳು ಅಜ್ಜನ ಕಾಗದಪತ್ರ ಹುಡುಕಿ ಹುಡುಕಿ ಆಟಗಾರರನ್ನು ತಂದವು. ಯುವೆಂಟಸ್ ಕ್ಲಬ್ಬಿಗೆ ಅರ್ಜೆಂಟೀನಾದಿಂದ ರೈಮುಂಡೊ ಓರ್ಸಿ ಬಂದರು, ಲೂಯಿಸ್ ಮೊಂಟಿ ಬಂದರು. ಆ ಕ್ಲಬ್ 1931ರಿಂದ 1935ರವರೆಗೆ ಸತತ 5 ಸಲ ಚಾಂಪಿಯನ್ ಆಯಿತು.

1929ರ ಕೊನೆಯಲ್ಲಿ ರಾಷ್ಟ್ರೀಯ ತಂಡದ ಹೊಣೆ ಮತ್ತೆ ಪೊಜ್ಜೊ ಅವರ ಹೆಗಲಿಗೆ ಬಂತು. ಸಂಬಳ ಬೇಡವೆಂದರು. ನೌಕರಿಯಿಂದಲೂ ಪತ್ರಿಕೆಗೆ ಬರೆಯುವುದರಿಂದಲೂ ಬದುಕು ನಡೆಯುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡದ ಎದುರಾಳಿ ಕ್ಲಬ್ಬಿನ ಆಟಗಾರರನ್ನು ಒಂದೇ ಕೋಣೆಯಲ್ಲಿ ಮಲಗಿಸುತ್ತಿದ್ದರು. ನಾನೂ ಜಿಲ್ಲಾ ಕ್ರೀಡಾಕೂಟಕ್ಕೆ ಹೋದಾಗ ಈ ಉಪಾಯ ಮಾಡಿ ನೋಡಿದ್ದೇನೆ. ಒಮ್ಮೆ ಫಲಿಸಿತು, ಒಮ್ಮೆ ರಾತ್ರಿಯಿಡೀ ನಾನೇ ಎದ್ದು ಕೂರಬೇಕಾಯಿತು.

ಅವರ ಬದುಕಿನಲ್ಲಿ ನನ್ನನ್ನು ಬಹಳ ಕಾಡಿದ ಘಟನೆ ಇಲ್ಲಿದೆ. ರೋಮಿನ ಫುಲ್ವಿಯೊ ಬೆರ್ನಾರ್ದಿನಿ ಆ ಕಾಲದ ಬಹು ದೊಡ್ಡ ಆಟಗಾರರು. ಸೆಂಟರ್ ಹಾಫ್ ಜಾಗದವರು. ಪೊಜ್ಜೊ ಅವರನ್ನು ಕೈಬಿಟ್ಟರು. ಬೆರ್ನಾರ್ದಿನಿಯ ಆಟ ಉಳಿದವರಿಗೆ ನಿಲುಕುವುದಿಲ್ಲ, ಅವರ ಬುದ್ಧಿ ಓಡಿದಷ್ಟು ಬೇಗ ಜೊತೆಯವರದು ಓಡುವುದಿಲ್ಲ ಎಂಬುದು ಅವರು ಕೊಟ್ಟ ಕಾರಣ. ಆ ಜಾಗಕ್ಕೆ ಆಮೇಲೆ ಬಂದವರು ಮೊಂಟಿ. 1930ರ ಮೊದಲ ವಿಶ್ವಕಪ್ ಫೈನಲ್ಲಿನಲ್ಲಿ ಅರ್ಜೆಂಟೀನಾಕ್ಕೆ ಆಡಿದ್ದವರು ಇವರೇ. ಮ್ಯಾಂಚೆಸ್ಟರಿನ ಚಾರ್ಲಿ ರಾಬರ್ಟ್ಸ್ ಅವರಂತೆ ಉದ್ದ ಪಾಸು ಕೊಡುವ ಆಟಗಾರ ಬೇಕೆಂದು ಇಪ್ಪತ್ತೈದು ವರ್ಷ ಹುಡುಕಿದ ಪೊಜ್ಜೊ ಅವರಿಗೆ ಸಿಕ್ಕಿದ್ದು ಬ್ಯೂನಸ್ ಐರಿಸ್‌ನವರು. ಆಟದ ಲೆಕ್ಕದಲ್ಲಿ ಅವರ ತೀರ್ಮಾನ ಸರಿಯೇ ಇರಬಹುದು. ಆದರೆ ಸ್ವಂತ ದೇಶದ ಅಷ್ಟು ದೊಡ್ಡ ಆಟಗಾರರಿಗೆ ಹೀಗೆ ಹೇಳಿ ಕಳಿಸುವುದು ಎಂಥ ಕಷ್ಟದ ಕೆಲಸ, ಕೇಳಿಸಿಕೊಳ್ಳುವುದು ಇನ್ನೆಂಥ ಕಷ್ಟ!

ನನಗೆ ಇದು ಯಾಕೆ ಕಾಡಿತೆಂದರೆ, 1990ರ ಆ ಚರ್ಚೆಯ ಹಿಂದಿನ ವರ್ಷವಷ್ಟೇ ನಾನು ಇಂಥದ್ದೇ ಕೆಲಸ ಮಾಡಿದ್ದೆ. ತಾಲೂಕು ಮಟ್ಟದ ಫುಟ್‌ಬಾಲ್ ಗೆಲ್ಲಲೇಬೇಕೆಂಬ ಹಟ ನನಗೆ ಹಿಡಿದಿತ್ತು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್ ಕಡೆಯ ಇಬ್ಬರು ಹುಡುಗರ ಟಿ.ಸಿ. ತರಿಸಿ ಜೂನಿನಲ್ಲಿ ನಮ್ಮ ಶಾಲೆಗೆ ಸೇರಿಸಿದೆ. ಆಟದಲ್ಲಿ ಪಳಗಿದವರು. ಅವರಿಗೆ ಜಾಗ ಮಾಡಲು ನಮ್ಮ ಊರಿನ ಇಬ್ಬರನ್ನು ಹೊರಗೆ ಕೂರಿಸಿದೆ. ಅವರಲ್ಲಿ ಒಬ್ಬ ಎಡಗಾಲಿನ ಹುಡುಗ. ಬೂಟು ಕಂಡವನಲ್ಲ. ಮುಂಜಾನೆ ಎಮ್ಮೆ ಹೊಡೆದುಕೊಂಡು ಹೋಗಿ ಬಂದು, ಆಮೇಲೆ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುತ್ತಿದ್ದವನು. ಅವನಿಗೆ ನಾನು ಪೊಜ್ಜೊ ಕೊಟ್ಟಷ್ಟು ಕಾರಣವನ್ನೂ ಕೊಡಲಿಲ್ಲ. ಹೆಸರು ಓದುವಾಗ ಅವನ ಹೆಸರು ಓದಲಿಲ್ಲ, ಅಷ್ಟೇ. ನಾವು ತಾಲೂಕು ಗೆದ್ದೆವು, ಜಿಲ್ಲೆಯಲ್ಲಿ ಸೋತೆವು. ಎಸ್ಸೆಸ್ಸೆಲ್ಸಿ ಮುಗಿಸಿ ಆ ಇಬ್ಬರು ಹೋದರು. ಮರುವರ್ಷ ಹನ್ನೊಂದು ಜನರ ತಂಡ ಕಟ್ಟುವುದೇ ಕಷ್ಟವಾಯಿತು. ಎಡಗಾಲಿನ ಹುಡುಗ ಮತ್ತೆ ಮೈದಾನಕ್ಕೆ ಬರಲಿಲ್ಲ. ಮುಖ್ಯೋಪಾಧ್ಯಾಯರ ಕೋಣೆಯ ಕಪಾಟಿನಲ್ಲಿ ಆ ಕಪ್ಪು ಈಗಲೂ ಇದೆ.

ಬಂದ ಹುಡುಗರದ್ದಾದರೂ ಏನು ತಪ್ಪು? ಊರ ಹುಡುಗರು ಅವರನ್ನು ಬಾಡಿಗೆ ಆಟಗಾರರೆಂದು ಹಂಗಿಸುತ್ತಿದ್ದರು. ಅವರಲ್ಲೊಬ್ಬ ಮಧ್ಯಾಹ್ನದ ಬುತ್ತಿಯನ್ನು ನಮ್ಮ ಮನೆಯಲ್ಲೇ ಬಿಚ್ಚುತ್ತಿದ್ದ, ಶಾಲೆಯಲ್ಲಿ ಜೊತೆಗೆ ಕೂರುವವರಿಲ್ಲದೆ. ಗೆದ್ದ ದಿನ ಮಾತ್ರ ಊರೆಲ್ಲ ಅವನನ್ನು ಹೊತ್ತುಕೊಂಡು ಕುಣಿಯಿತು.

ಇಟಲಿಯಲ್ಲೂ ಹೀಗೇ ಕುಣಿದರು. 1934ರ ವಿಶ್ವಕಪ್ ಅವರದೇ ದೇಶದಲ್ಲಿ ನಡೆಯಿತು. ಜೂನ್ 10ರಂದು ರೋಮಿನಲ್ಲಿ ಚೆಕೊಸ್ಲೊವಾಕಿಯಾ ಎದುರು ಫೈನಲ್. ಇಟಲಿ ಒಂದು ಗೋಲು ಹಿಂದಿತ್ತು. ಕೊನೆಯ ಹತ್ತು ನಿಮಿಷ ಇರುವಾಗ ಓರ್ಸಿ ಸಮ ಮಾಡಿದರು. ಹೆಚ್ಚುವರಿ ವೇಳೆಯಲ್ಲಿ ಬೊಲೊನ್ಯದ ಸ್ಕಿಯಾವಿಯೊ ಗೆಲುವಿನ ಗೋಲು ಹೊಡೆದರು. ಆ ಹನ್ನೊಂದರಲ್ಲಿ ಮೊಂಟಿ, ಓರ್ಸಿ, ಗ್ವೈಟಾ ಮೂವರು ಅರ್ಜೆಂಟೀನಾದಲ್ಲಿ ಹುಟ್ಟಿದವರು. ಗೆದ್ದಾಗ ಅವರೆಲ್ಲ ಇಟಲಿಯ ಮಕ್ಕಳು. ಮರುವರ್ಷ ಮುಸೊಲಿನಿ ಅಬಿಸಿನಿಯಾದ ಮೇಲೆ ಯುದ್ಧಕ್ಕೆ ಹೊರಟಾಗ, ಸೈನ್ಯಕ್ಕೆ ಕರೆದಾರೆಂಬ ಭಯದಿಂದ ಗ್ವೈಟಾ ಇನ್ನಿಬ್ಬರು ಜೊತೆಗಾರರೊಂದಿಗೆ ಗಡಿ ದಾಟಿ ಓಡಿಹೋದರು. ಪತ್ರಿಕೆಗಳು ಅವರನ್ನು ದ್ರೋಹಿಗಳೆಂದವು. ಆಡಲು ಕರೆದವರು ಕೋವಿ ಕೊಡುತ್ತಾರೆಂದು ಯಾರು ಎಣಿಸಿರುತ್ತಾರೆ?

ಇನ್ನೊಬ್ಬರ ಕಥೆ ಇದಕ್ಕಿಂತ ದಾರುಣ. 1934ರಲ್ಲೂ 1938ರಲ್ಲೂ ಇಟಲಿಯ ಕಣ್ಮಣಿಯಾಗಿದ್ದವರು ಮಿಲಾನಿನ ಬಡ ಹುಡುಗ ಜುಸೆಪ್ಪೆ ಮೆಯಾಜಾ. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡವರು. ಹದಿನೇಳರ ವಯಸ್ಸಿನಲ್ಲಿ ಅವರನ್ನು ದೊಡ್ಡ ತಂಡಕ್ಕೆ ಇಳಿಸಿದವರು ಆರ್ಪಾಡ್ ವೈಸ್. ಹಂಗೇರಿಯ ಯಹೂದಿ. ಆಟಗಾರರಾಗಿ ಬಂದು, ಕೋಚ್ ಆಗಿ ಉಳಿದು, ಎರಡು ಬೇರೆ ಬೇರೆ ಕ್ಲಬ್ಬುಗಳಿಗೆ ಇಟಲಿಯ ಚಾಂಪಿಯನ್ ಪಟ್ಟ ಗೆದ್ದುಕೊಟ್ಟವರು. 1938ರ ಜನಾಂಗೀಯ ಕಾನೂನುಗಳು ಅವರನ್ನು ಇಟಲಿಯಿಂದ ಹೊರಗಟ್ಟಿದವು. 1944ರಲ್ಲಿ ನಾಜಿಗಳ ಆಷ್‌ವಿಟ್ಜ್ ಶಿಬಿರದಲ್ಲಿ ಸತ್ತರು. ಇಟಲಿಯ ಅತಿ ದೊಡ್ಡ ಸ್ವದೇಶಿ ಆಟಗಾರನನ್ನು ಕಂಡುಹಿಡಿದು ಬೆಳೆಸಿದವರು ಹೊರಗಿನವರು ಎಂಬುದನ್ನು ಆ ಕಾನೂನು ಬರೆದವರು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಪೊಜ್ಜೊ ಈ ಫ್ಯಾಸಿಸ್ಟರ ಆಡಳಿತದ ಕೆಳಗೇ ಕೆಲಸ ಮಾಡಿದರು. ಇದನ್ನು ಮುಚ್ಚಿಡಬಾರದು. 1938ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಇಟಲಿ ತಂಡ ಕೈಯೆತ್ತಿ ಫ್ಯಾಸಿಸ್ಟ್ ವಂದನೆ ಮಾಡಿದಾಗ, ದೇಶ ಬಿಟ್ಟು ಓಡಿಬಂದಿದ್ದ ಇಟಲಿಯವರೂ ಸೇರಿ ಪ್ರೇಕ್ಷಕರು ಕೂಗಾಡಿ ಛೀಮಾರಿ ಹಾಕಿದರು. ಪೊಜ್ಜೊ ಕೈ ಇಳಿಸಿದ ಹುಡುಗರಿಗೆ ಮತ್ತೊಮ್ಮೆ ಎತ್ತಲು ಹೇಳಿದರು. ನನಗೆ ಅವರ ಮೇಲೆ ಎಷ್ಟೇ ಗೌರವವಿದ್ದರೂ ಈ ಕೆಲಸವನ್ನು ಒಪ್ಪಲಾರೆ.

ಆದರೆ ಆ ನಾಲ್ಕು ವರ್ಷಗಳಲ್ಲಿ ಅವರು ಮಾಡಿದ ಇನ್ನೊಂದು ಕೆಲಸವನ್ನು ಪೀಟಿ ಮಾಸ್ತರರೆಲ್ಲ ಗಮನಿಸಬೇಕು. 1936ರ ಬರ್ಲಿನ್ ಒಲಿಂಪಿಕ್ಸಿಗೆ ವಿಶ್ವಕಪ್ ಗೆದ್ದ ಹಿರಿಯರನ್ನು ಬಿಟ್ಟು, ಹೆಸರಿಲ್ಲದ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಹೋದರು. ಅದರಲ್ಲಿ ಕನ್ನಡಕ ಹಾಕಿಕೊಂಡೇ ಆಡುವ ಫ್ರೊಸ್ಸಿ ಎಂಬ ಹುಡುಗ ಇದ್ದ. ಫೈನಲ್ಲಿನಲ್ಲಿ ಆಸ್ಟ್ರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದರು. ಎರಡೂ ಗೋಲು ಆ ಕನ್ನಡಕದ ಹುಡುಗನವು. ಆ ತಂಡದ ಫೋನಿ, ರಾವಾ, ಲೊಕಾಟೆಲ್ಲಿ ಎರಡು ವರ್ಷದ ಮೇಲೆ ವಿಶ್ವಕಪ್ ಫೈನಲ್ ಆಡಿದರು. 1938ರ ಜೂನ್ 19ರಂದು ಪ್ಯಾರಿಸ್ಸಿನಲ್ಲಿ ಹಂಗೇರಿಯನ್ನು 4-2ರಿಂದ ಗೆದ್ದ ತಂಡದಲ್ಲಿ ಹೊರಗೆ ಹುಟ್ಟಿದವರು ಒಬ್ಬರೇ, ಉರುಗ್ವೆಯ ಆಂದ್ರಿಯೊಲೊ. ಸೆಂಟರ್ ಹಾಫ್ ಜಾಗಕ್ಕೆ ಮಾತ್ರ ಪೊಜ್ಜೊ ಅವರಿಗೆ ಊರವರು ಸಿಗಲೇ ಇಲ್ಲ. ಎರಡು ಗೋಲು ಹೊಡೆದ ಪಿಯೊಲಾ ಬೆಳೆದದ್ದು ಎಲ್ಲಿ? ಅದೇ ಭತ್ತದ ಸೀಮೆಯ ಪ್ರೊ ವೆರ್ಚೆಲ್ಲಿಯಲ್ಲಿ. ಕೋಚ್ ಆಗಿ ಎರಡು ವಿಶ್ವಕಪ್ ಗೆದ್ದವರು ಇವತ್ತಿಗೂ ಪೊಜ್ಜೊ ಒಬ್ಬರೇ.

ಯುದ್ಧ ಮುಗಿದ ಮೇಲೆ ಅವರ ಕೊನೆಯ ದೊಡ್ಡ ಪಂದ್ಯಾವಳಿ 1948ರ ಲಂಡನ್ ಒಲಿಂಪಿಕ್ಸ್. ಡೆನ್ಮಾರ್ಕ್ ಎದುರು 3-5ರಿಂದ ಸೋತರು, ಹುದ್ದೆ ಬಿಟ್ಟರು. ನಮಗೂ ಆ ಪಂದ್ಯಾವಳಿ ಮುಖ್ಯ. ಸ್ವತಂತ್ರ ಭಾರತದ ತಂಡ ಅಲ್ಲಿ ಆಡಿತು, ಬಹಳ ಜನ ಬರಿಗಾಲಿನಲ್ಲಿ. ಫ್ರಾನ್ಸ್ ಎದುರು 1-2ರಿಂದ ಸೋತರೂ ನೋಡಿದವರು ಮೆಚ್ಚಿದರು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಪರವಾಗಿ ಆಡುತ್ತಿದ್ದ ರಾಮನ್. ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಅಹ್ಮದ್ ಖಾನ್ ಮರುವರ್ಷ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅವರೂ ಸೇರಿ ದಕ್ಷಿಣದ ಐವರು ಮುಂಚೂಣಿ ಆಟಗಾರರನ್ನು ಅಲ್ಲಿಯ ಜನ ಪಂಚಪಾಂಡವರೆಂದು ಕರೆದರು. ಮುಂದೆ ಮೋಹನ್ ಬಾಗಾನ್ ಕ್ಲಬ್ಬಿಗೂ ನಮ್ಮ ಕೆಂಪಯ್ಯ, ಅರುಮೈನಾಯಗಂ ಹೋದರು. ಅಲ್ಲಿ ನಮ್ಮವರೇ ಹೊರಗಿನವರು. ಅವರಿಂದ ಬಂಗಾಳದ ಆಟ ಕೆಟ್ಟಿತೆಂದು ನಾವ್ಯಾರಾದರೂ ಹೇಳುತ್ತೇವೆಯೇ? ಹೆಮ್ಮೆಯಿಂದ ಎದೆ ಉಬ್ಬಿಸುತ್ತೇವೆ. ಒಂದೇ ಸಂಗತಿ, ನಿಂತ ಕಡೆಯಿಂದ ಬೇರೆ ಬೇರೆಯಾಗಿ ಕಾಣುತ್ತದೆ.

1949ರ ಮೇ 4ರಂದು ಪೊಜ್ಜೊ ಅವರ ಪಾಲಿನ ಅತಿ ಕೆಟ್ಟ ದಿನ ಬಂತು. ಅವರ ಕಣ್ಣೆದುರೇ ಹುಟ್ಟಿ ಬೆಳೆದ ಟೊರಿನೊ ಕ್ಲಬ್ ಆ ಹೊತ್ತಿಗೆ ಇಟಲಿಯಲ್ಲಿ ಎದುರಿಲ್ಲದ ತಂಡ. ರಾಷ್ಟ್ರೀಯ ತಂಡದ ಬಹುಪಾಲು ಅವರೇ. ಪೋರ್ಚುಗಲ್ಲಿನಲ್ಲಿ ಆಡಿ ಮರಳುತ್ತಿದ್ದ ವಿಮಾನ ಮಂಜಿನಲ್ಲಿ ದಾರಿ ತಪ್ಪಿ ಟ್ಯೂರಿನ್ ಪಕ್ಕದ ಸುಪೆರ್ಗಾ ಗುಡ್ಡದ ಮೇಲಿನ ಚರ್ಚಿಗೆ ಬಡಿಯಿತು. 31 ಜನ ಸತ್ತರು, ಅವರಲ್ಲಿ 18 ಆಟಗಾರರು. ಶವಗಳನ್ನು ಗುರುತಿಸಲು ಕರೆದದ್ದು ಪೊಜ್ಜೊ ಅವರನ್ನು. ಅರುವತ್ತಮೂರರ ಆ ಮುದುಕರು ಒಬ್ಬೊಬ್ಬರನ್ನೇ ನೋಡಿ ಹೆಸರು ಹೇಳಿದರು. ಮೈದಾನದಲ್ಲಿ ಹಾಜರಿ ಕರೆದು ಅಭ್ಯಾಸವಿರುವ ಯಾವ ಮಾಸ್ತರರೂ ಈ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಲಾರರು.

ಆಮೇಲೆ ಪೊಜ್ಜೊ ಪತ್ರಿಕೆಗೆ ಬರೆಯುತ್ತ ಉಳಿದರು. ಕ್ಲಬ್ಬುಗಳು ಸ್ವೀಡನ್, ಡೆನ್ಮಾರ್ಕ್, ದಕ್ಷಿಣ ಅಮೆರಿಕದಿಂದ ದುಡ್ಡು ಸುರಿದು ಆಟಗಾರರನ್ನು ತಂದವು. ಕ್ಲಬ್ಬುಗಳ ವೈಭವ ಏರಿತು, ರಾಷ್ಟ್ರೀಯ ತಂಡ ಇಳಿಯಿತು. 1958ರ ಜನವರಿಯಲ್ಲಿ ಉತ್ತರ ಐರ್ಲೆಂಡ್ ಎದುರು ಸೋತು ವಿಶ್ವಕಪ್ಪಿಗೆ ಅರ್ಹತೆಯನ್ನೇ ಕಳೆದುಕೊಂಡಿತು. ಆ ದಿನದ ತಂಡದಲ್ಲಿ ಹಿಂದೆ ಉರುಗ್ವೆಗೆ ವಿಶ್ವಕಪ್ ಗೆದ್ದುಕೊಟ್ಟ ಸ್ಕಿಯಾಫಿನೊ, ಗಿಜ್ಜಿಯಾ ಇಬ್ಬರೂ ಇದ್ದರು! ಹೆಸರುಗಳು ದೊಡ್ಡವಾದರೆ ಸಾಲದು ಎಂಬುದಕ್ಕೆ ಇನ್ನೇನು ಬೇಕು. 1966ರಲ್ಲಿ ಉತ್ತರ ಕೊರಿಯಾ ಎದುರು 0-1ರಿಂದ ಸೋತಾಗ ಇಟಲಿಗೆ ಇಟಲಿಯೇ ತಲೆತಗ್ಗಿಸಿತು. ಹೊರಗಿನಿಂದ ಹೊಸ ಆಟಗಾರರನ್ನು ತರುವುದನ್ನು ನಿಲ್ಲಿಸಿದರು. ಆ ಬಾಗಿಲು ಮತ್ತೆ ತೆರೆದದ್ದು 1980ರಲ್ಲಿ. ಬಾಗಿಲು ಮುಚ್ಚಿದ ಎರಡು ವರ್ಷಕ್ಕೆ, 1968ರಲ್ಲಿ, ಇಟಲಿ ಯುರೋಪಿನ ಚಾಂಪಿಯನ್ ಆಯಿತು. ತೆರೆದ ಎರಡು ವರ್ಷಕ್ಕೆ, 1982ರಲ್ಲಿ, ವಿಶ್ವಕಪ್ಪನ್ನೇ ಗೆದ್ದಿತು. ಬಾಗಿಲಿನಲ್ಲೇ ರೋಗ ಅಥವಾ ಮದ್ದು ಇದೆಯೆನ್ನುವವರು ಈ ಎರಡು ಇಸವಿಗಳನ್ನು ಜೊತೆಗಿಟ್ಟು ನೋಡಬೇಕು. ಈಚೆಗೆ 2018, 2022ರ ವಿಶ್ವಕಪ್ಪುಗಳಿಗೆ ಇಟಲಿ ಅರ್ಹತೆ ಪಡೆಯದಿದ್ದಾಗಲೂ ಅದೇ ಹಳೆಯ ಜಗಳ ಮತ್ತೆ ಎದ್ದಿತು.

ಪೊಜ್ಜೊ 1968ರ ಡಿಸೆಂಬರ್ 21ರಂದು ತೀರಿಕೊಂಡರು. ಬೆರ್ನಾರ್ದಿನಿ, ಆ ಹೊರಗೆ ಉಳಿದ ಸೆಂಟರ್ ಹಾಫ್, ಮುಂದೆ ಕೋಚ್ ಆಗಿ ಫಿಯೊರೆಂಟಿನಾ, ಬೊಲೊನ್ಯ ಎರಡು ತಂಡಗಳಿಗೆ ಚಾಂಪಿಯನ್ ಪಟ್ಟ ಗೆದ್ದುಕೊಟ್ಟರು. 1974ರಲ್ಲಿ ಪೊಜ್ಜೊ ಕುಳಿತಿದ್ದ ಜಾಗಕ್ಕೇ ಬಂದರು. ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೆಂಡತಿಯನ್ನು ಕರೆದು ಹೇಳಿದೆ. ಅವಳಿಗೆ ಇಬ್ಬರೂ ಯಾರೆಂದು ಗೊತ್ತಿರಲಿಲ್ಲ. ಎಡಗಾಲಿನ ಹುಡುಗ ಯಾರೆಂದು ಗೊತ್ತಿತ್ತು.

ಹುಬ್ಬಳ್ಳಿಯಿಂದ ಬಂದಿದ್ದ ಇಬ್ಬರಲ್ಲಿ ಒಬ್ಬ ರೈಲ್ವೆಯಲ್ಲಿ ನೌಕರಿಗಿದ್ದಾನೆ, ಮಹೋತ್ಸವಕ್ಕೆ ಬರುತ್ತೇನೆಂದು ಫೋನ್ ಮಾಡಿದ್ದಾನೆ. ಎಡಗಾಲಿನವನು ಊರಲ್ಲೇ ಹೊಲ ಮಾಡಿಕೊಂಡಿದ್ದಾನೆ. ಹೋದ ತಿಂಗಳು ಮೈದಾನ ಸಮ ಮಾಡಬೇಕೆಂದಾಗ ಯಾರೂ ಹೇಳದೆ ತನ್ನ ಟ್ರ್ಯಾಕ್ಟರ್ ತಂದು ಎರಡು ದಿನ ಹೊಡೆದ, ಡೀಸೆಲ್ ದುಡ್ಡನ್ನೂ ಮುಟ್ಟಲಿಲ್ಲ. ಅವನ ಮಗಳು ಈಗ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದಾಳೆ, ತಂದೆಯಂತೆ ಎಡಗಾಲಿನವಳು. ಮೂವತ್ತು ವರ್ಷ ತಡವಾಗಿ ಅವನ ಹತ್ತಿರ ಹೋಗಿ, ಅವತ್ತು ನಿನ್ನನ್ನು ಹೊರಗೆ ಕೂರಿಸಿದ್ದು ತಪ್ಪಾಯಿತಪ್ಪಾ ಎಂದೆ. ಅವನು ಟ್ರ್ಯಾಕ್ಟರ್ ಆಫ್ ಮಾಡದೆ, ಅದೆಲ್ಲ ಯಾವ ಕಾಲದ ಮಾತು ಬಿಡ್ರಿ ಸರ ಎಂದು ನಕ್ಕ. ನಕ್ಕನೇ ಹೊರತು ಮರೆತಿಲ್ಲವೆಂದು ನನಗೆ ತಿಳಿಯಿತು.

ಮಹೋತ್ಸವದ ಎರಡನೆಯ ದಿನ ಸಂಜೆ ನಾಲ್ಕಕ್ಕೆ ಹಳೆಯ ವಿದ್ಯಾರ್ಥಿಗಳ ಫುಟ್‌ಬಾಲ್ ಇದೆ. ಎರಡೂ ತಂಡಗಳ ಪಟ್ಟಿ ಮಾಡುವ ಕೆಲಸ ನನಗೇ ಕೊಟ್ಟಿದ್ದಾರೆ. ಒಂದು ತಂಡದ ಎಡಗಡೆಗೆ ಅವನ ಹೆಸರನ್ನು ಮೊದಲು ಬರೆದು, ರೈಲ್ವೆಯವನನ್ನು ಅದೇ ತಂಡದ ನಡುವೆ ಹಾಕಿದ್ದೇನೆ. ಮೊಣಕಾಲು ನೋವು, ಆಗುವುದಿಲ್ಲ ಎಂದು ಅವನು ಎರಡು ಸಲ ಹೇಳಿ ಕಳಿಸಿದ್ದಾನೆ. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಆಗಿದೆ.